ಹೆಸರಿನ ಬೋರ್ಡ್ ಇಲ್ಲದ ಟಿವಿ ರಿಪೇರಿ ಅಂಗಡಿ, ಎಸ್.ಪಿ. ರೋಡ್, ಬೆಂಗಳೂರು

ಟಿವಿ ರಿಪೇರಿ ಅಂಗಡಿಗೆ ಹೋದರೆ ನಾನು ಮೊದಲು ಹುಡುಕುವುದು ಒಂದು ಹಳೇ ಕಾಲದ ಬಲ್ಬ್. ಎಲ್‌ಇಡಿ ಅಲ್ಲ, ಒಳಗಿನ ತಂತಿ ಕಾದು ಉರಿಯುವ ಗಾಜಿನ ಬಲ್ಬ್. ಮರದ ಹಲಗೆಗೆ ಹೋಲ್ಡರ್ ಬಿಗಿದು, ಪಕ್ಕದಲ್ಲಿ ಸಾಕೆಟ್ ಕೂರಿಸಿರುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ಸೀರೀಸ್ ಬೋರ್ಡ್ ಅನ್ನುತ್ತಾರೆ. ಅದು ಮೇಜಿನ ಮೇಲೆ ಇದ್ದರೆ ಕೂರುತ್ತೇನೆ, ಇಲ್ಲದಿದ್ದರೆ ರೇಟ್ ಕೇಳಿಕೊಂಡು ವಾಪಸ್ ಬರುತ್ತೇನೆ. ಈ ಅಂಗಡಿಯಲ್ಲಿ ಎರಡು ಇದ್ದವು. ಒಂದು 60 ವಾಟಿನದು, ಇನ್ನೊಂದು 100 ವಾಟಿನದು.

ನಾನು ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಸರ್ಕ್ಯೂಟ್ ಬೋರ್ಡಿಗೆ ಸೋಲ್ಡರ್ ಹಾಕುವುದು, ಆಮೇಲೆ ಟೆಸ್ಟಿಂಗ್, ಇದರಲ್ಲೇ ಸರ್ವಿಸ್ ಮುಗಿಯಿತು. ಟಿವಿ ರಿಪೇರಿ ನನ್ನ ಕಸುಬಲ್ಲ. ಆದರೆ ಒಬ್ಬರು ಸೋಲ್ಡರ್ ಕಡ್ಡಿ ಹಿಡಿಯುವ ರೀತಿ ನೋಡಿದರೆ ಅವರ ಕೈ ಎಂಥದ್ದು ಅಂತ ಗೊತ್ತಾಗುತ್ತದೆ. ಹಾಗಾಗಿ ಈ ವಿಮರ್ಶೆ ಸ್ವಲ್ಪ ಉದ್ದ. ಬರೀ ರೇಟು, ಟೈಮು ಬೇಕಾದವರು ಕೊನೆಯ ಭಾಗ ಓದಿಕೊಳ್ಳಿ.

ನಮ್ಮ ಮನೆಯ 43 ಇಂಚಿನ ಟಿವಿ ಒಂದು ಸಂಜೆ ಧಾರಾವಾಹಿ ನಡುವೆ ಕಪ್ಪಾಯಿತು. ಮಾತು ಕೇಳುತ್ತಿದೆ, ಚಿತ್ರ ಇಲ್ಲ. ವಾರಂಟಿ ಮುಗಿದು ತುಂಬಾ ದಿನವಾಗಿತ್ತು. ಫೋನ್ ಮಾಡಿದರೆ ಮನೆಗೇ ಬರುವ ಸರ್ವಿಸ್‌ನವರೊಬ್ಬರನ್ನು ಕರೆಸಿದೆವು. ಹುಡುಗ ಬಂದ, ರಿಮೋಟ್ ಒತ್ತಿದ, 'ಪ್ಯಾನಲ್ ಹೋಗಿದೆ ಆಂಟಿ, 19 ಸಾವಿರ ಆಗುತ್ತೆ' ಅಂದ. ಹಿಂದಿನ ಕವರ್ ಕೂಡ ಬಿಚ್ಚಲಿಲ್ಲ. ನೋಡಿದ್ದಕ್ಕೆ ಚಾರ್ಜ್ ಮಾತ್ರ ಸರಿಯಾಗಿ ತೆಗೆದುಕೊಂಡ.

ಅವನು ಹೋದ ಮೇಲೆ ನಾನು ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ನೋಡಿದೆ. ಒಳಗೆ ಮಸುಕಾಗಿ ಮುಖಗಳು ಓಡಾಡುತ್ತಿದ್ದವು. ಅಂದರೆ ಚಿತ್ರ ಬರುತ್ತಿದೆ, ಅದರ ಹಿಂದೆ ಬೆಳಕು ಇಲ್ಲ. ಎಲ್‌ಇಡಿ ಟಿವಿ ಅಂತ ಕರೆದರೂ ಚಿತ್ರ ಮೂಡಿಸುವುದು ಎಲ್‌ಸಿಡಿ ಗಾಜು. ಎಲ್‌ಇಡಿಗಳು ಅದರ ಹಿಂದೆ ನಿಂತು ಬೆಳಕು ಕೊಡುತ್ತವೆ, ಅಷ್ಟೇ. ಈ ಟಾರ್ಚ್ ಪರೀಕ್ಷೆಗೆ ಏನನ್ನೂ ಬಿಚ್ಚಬೇಕಿಲ್ಲ, ಯಾರು ಬೇಕಾದರೂ ಮಾಡಬಹುದು. 19 ಸಾವಿರ ಕೇಳಿದವರು ಇದನ್ನೂ ಮಾಡದೆ ಹೋದರಲ್ಲ ಅಂತಲೇ ನನಗೆ ಸಿಟ್ಟು.

ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆಯಾದ ಎಸ್.ಪಿ. ರೋಡಿಗೆ ಮೊದಲು ಬರಿಗೈಯಲ್ಲೇ ಹೋದೆ. ಮೆಟ್ರೋದಲ್ಲಿ ಚಿಕ್ಕಪೇಟೆ ಸ್ಟೇಷನ್‌ಗೆ ಇಳಿದು ನಡೆದರೆ ಆಯಿತು. ಬ್ಯಾಕ್‌ಲೈಟ್ ಸ್ಟ್ರಿಪ್ (ಆ ಎಲ್‌ಇಡಿಗಳನ್ನು ಕೂರಿಸಿದ ಪಟ್ಟಿ) ಮಾರುವ ಅಂಗಡಿಯಲ್ಲಿ ಟಿವಿ ಮಾಡೆಲ್ ನಂಬರ್ ತೋರಿಸಿ, 'ಇದನ್ನ ಯಾರು ಚೆನ್ನಾಗಿ ಹಾಕ್ತಾರೆ?' ಅಂತ ಕೇಳಿದೆ. ಎರಡು ಅಂಗಡಿಯವರು ಒಂದೇ ದಿಕ್ಕಿಗೆ ಕೈ ತೋರಿಸಿದರು. ಸ್ಪೇರ್ ಮಾರುವವರಿಗೆ ಯಾರ ಕೈಗೆ ಹೋದ ಮಾಲು ಮತ್ತೆ ಮತ್ತೆ ವಾಪಸ್ ಬರುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳುವ ಹೆಸರಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಅಂಗಡಿ ಒಂದು ಗಲ್ಲಿಯ ಒಳಗೆ, ಮೊದಲನೇ ಮಹಡಿಯಲ್ಲಿದೆ. ಬೋರ್ಡ್ ಇಲ್ಲ. ಯಜಮಾನರು ನಲವತ್ತರ ಆಸುಪಾಸಿನವರು, ಕೋಲಾರದ ಕಡೆಯವರು. ಹೆಸರು, ನಂಬರ್ ಹಾಕಬೇಡಿ ಅಂದರು. 'ಫೋನ್ ಎತ್ತೋದ್ರಲ್ಲೇ ಅರ್ಧ ದಿನ ಹೋಗುತ್ತೆ ಅಮ್ಮ, ಕೆಲಸ ಯಾವಾಗ ಮಾಡಲಿ?' ಆದ್ದರಿಂದ ಹಾಕುತ್ತಿಲ್ಲ. ಸಹಾಯಕ್ಕೆ ಇಬ್ಬರು ಹುಡುಗರಿದ್ದಾರೆ. ಒಬ್ಬ ಡಿಪ್ಲೊಮಾ ಮುಗಿಸಿದವನು, ಇನ್ನೊಬ್ಬ ಹೈಸ್ಕೂಲಿಗೇ ಬಿಟ್ಟವನು. ಕೈ ಚುರುಕು ಎರಡನೆಯವನದು.

ಟಿವಿ ತಂದ ದಿನ ನಾನು ಅಲ್ಲೇ ಕೂತು ನೋಡುತ್ತೇನೆ ಅಂದೆ. ಬೇಡ ಅನ್ನಲಿಲ್ಲ. ಸ್ಟೂಲ್ ಕೊಟ್ಟು, ಮೇಜಿನಿಂದ ಎರಡಡಿ ದೂರ ಹಾಕಿಸಿದರು. 'ಕೈ ಮಾತ್ರ ಈ ಕಡೆ ಚಾಚಬೇಡಿ ಅಮ್ಮ.'

ಟಿವಿ ಬಿಚ್ಚುವ ಮೊದಲು ಪ್ರಶ್ನೆ ಶುರುವಾಯಿತು. ಇದ್ದಕ್ಕಿದ್ದಂತೆ ಹೋಯ್ತಾ, ಮಿಣಮಿಣ ಅಂದು ಹೋಯ್ತಾ? ಅವತ್ತು ಮಳೆ, ಸಿಡಿಲು ಇತ್ತಾ? ಕರೆಂಟ್ ಹೋಗಿ ಬಂತಾ? ಮೊದಲು ಒಂದು ಮೂಲೆ ಕಪ್ಪಾಗಿತ್ತಾ? ಪರದೆಯಲ್ಲಿ ದುಂಡಗೆ ಬಿಳಿ ಚುಕ್ಕೆ ಕಾಣ್ತಿತ್ತಾ? ಬ್ರೈಟ್‌ನೆಸ್ ಎಷ್ಟರಲ್ಲಿ ಇಡ್ತೀರಿ? ಒಂದೂ ಸುಮ್ನೆ ಕೇಳಿದ್ದಲ್ಲ. ಸಿಡಿಲಾದರೆ ಕೇಬಲ್ ಅಥವಾ ಎಚ್‌ಡಿಎಂಐ ಕಡೆಯಿಂದ ಮೇನ್ ಬೋರ್ಡಿಗೆ ಏಟು ಬಿದ್ದಿರಬಹುದು. ಕರೆಂಟ್ ಏರಿಳಿದಿದ್ದರೆ ಪವರ್ ಬೋರ್ಡಿನ ಫ್ಯೂಸ್, ಅದರ ಪಕ್ಕದಲ್ಲಿ ಜಾಸ್ತಿ ವೋಲ್ಟೇಜನ್ನು ತಡೆಯುವ ವೇರಿಸ್ಟರ್ ಸುಟ್ಟಿರಬಹುದು. ಬಿಳಿ ಚುಕ್ಕೆ ಬಂದರೆ ಎಲ್‌ಇಡಿ ಮೇಲಿನ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ಗೋಂದು ಬಿಟ್ಟು ಬಿದ್ದಿದೆ ಅಂತ ಅರ್ಥ. ನಮ್ಮದು ಎರಡು ದಿನ ಆಗಾಗ ಮಿಣುಕಿ ಆಮೇಲೆ ಹೋಗಿತ್ತು. ಬ್ರೈಟ್‌ನೆಸ್ 100ರಲ್ಲೇ ಇತ್ತು, ಮೊಮ್ಮಗನ ಕೆಲಸ. ಅವರು ತಲೆಯಾಡಿಸಿ, 'ಬಿಚ್ಚೋಕೆ ಮುಂಚೆನೇ ಮುಕ್ಕಾಲು ಗೊತ್ತಾಯ್ತು' ಅಂದರು.

ಆಮೇಲೆ ಪ್ಲಗ್ಗನ್ನು ಸೀರೀಸ್ ಬೋರ್ಡಿಗೆ ಹಾಕಿದರು. ಟಿವಿಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹೋಗಬೇಕು. ಪವರ್ ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಬೋರ್ಡ್ ಸಿಡಿಯದೆ ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ತುಂಬುವಷ್ಟು ಹೊತ್ತು ಮಿಂಚಿ ಮಂಕಾಗುತ್ತದೆ. ನಮ್ಮದು ಮಿಂಚಿ ಮಂಕಾಯಿತು. ರಿಮೋಟ್ ಒತ್ತಿದಾಗ ಪರದೆ ಒಂದು ಕ್ಷಣ ಬೆಳಗಿ ಆರಿತು. ಸ್ಟ್ರಿಪ್ಪಿಗೆ ಕೊಟ್ಟ ಕರೆಂಟ್ ಸರಿಯಾಗಿ ಹರಿಯದಿದ್ದರೆ ಅದನ್ನು ನಡೆಸುವ ಡ್ರೈವರ್ ಐಸಿ (ಚಿಪ್) ಕಂಡುಹಿಡಿದು ತಾನೇ ನಿಲ್ಲಿಸಿಬಿಡುತ್ತದೆ. ಆ ಕ್ಷಣದ ಬೆಳಕು ಕಂಡರೆ ಪವರ್ ಬೋರ್ಡ್ ಬದುಕಿದೆ ಅಂತ ಹೆಚ್ಚುಕಡಿಮೆ ನಂಬಬಹುದು.

ಬಲ್ಬ್ ಇದ್ದರೆ ಶಾಕ್ ಹೊಡೆಯಲ್ಲ ಅಂತ ಕೆಲವರು ತಿಳಿದಿದ್ದಾರೆ. ತಪ್ಪು. ಬಲ್ಬ್ ಕಾಪಾಡುವುದು ಬೋರ್ಡನ್ನು, ಮನುಷ್ಯರನ್ನಲ್ಲ. ನಿಮ್ಮ ಮೈಯಲ್ಲಿ ಹರಿದು ಪ್ರಾಣ ತೆಗೆಯುವಷ್ಟು ಕರೆಂಟನ್ನು 60 ವಾಟಿನ ಬಲ್ಬ್ ಧಾರಾಳವಾಗಿ ಬಿಡುತ್ತದೆ. ಡಿಪ್ಲೊಮಾ ಹುಡುಗನಿಗೆ ಅವರು ಇದನ್ನೇ ಎರಡು ಸಲ ಹೇಳುತ್ತಿದ್ದರು.

ಈಗ ಪ್ಲಗ್ ತೆಗೆದು, ಹಿಂದಿನ ಕವರ್ ಬಿಚ್ಚಿದರು. ಇಲ್ಲಿಂದ ನಾನು ಕಣ್ಣು ಮಿಟುಕಿಸದೆ ನೋಡಿದೆ. ಪವರ್ ಬೋರ್ಡಿನಲ್ಲಿ ಒಂದು ದಪ್ಪ ಕೆಪಾಸಿಟರ್ ಇರುತ್ತದೆ. ಮೈಮೇಲೆ 450 ವೋಲ್ಟ್ ಅಂತ ಬರೆದಿರುತ್ತದೆ. ನಮ್ಮ ಮನೆಯ 230 ವೋಲ್ಟ್ ಎಸಿ ಅಲ್ಲಿ ಡಿಸಿ ಆಗುವಾಗ ಸುಮಾರು 325 ವೋಲ್ಟ್ ಆಗುತ್ತದೆ. ದೊಡ್ಡ ಟಿವಿಗಳಲ್ಲಿ ಪಿಎಫ್‌ಸಿ ಅನ್ನುವ, ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇದ್ದರೆ 380, 400ರವರೆಗೂ ಹೋಗುತ್ತದೆ. ಪ್ಲಗ್ ಕಿತ್ತರೂ ಅದು ಅಲ್ಲೇ ಕೂತಿರಬಹುದು. ಅವರು ಬೋರ್ಡಿಗೆ ಕೈ ಹಾಕದೆ ಮೊದಲು ಮೀಟರ್ ಹಿಡಿದರು. 40 ಚಿಲ್ಲರೆ ತೋರಿಸಿತು. ಅಷ್ಟಕ್ಕೇ ಬಿಡಲಿಲ್ಲ. ಉದ್ದ ಪ್ಲಾಸ್ಟಿಕ್ ಹಿಡಿಯ ಎರಡು ಪ್ರೋಬ್‌ಗಳ ನಡುವೆ 10 ವಾಟಿನ ರೆಸಿಸ್ಟರ್ ಬೆಸೆದ ಒಂದು ಸಾಧನ ಇಟ್ಟುಕೊಂಡಿದ್ದಾರೆ. ಅದನ್ನು ಕೆಪಾಸಿಟರ್ ಕಾಲುಗಳಿಗೆ ಒತ್ತಿ, ಮತ್ತೆ ಮೀಟರ್ ಹಿಡಿದು, ಸೊನ್ನೆ ನೋಡಿದ ಮೇಲೇ ಕೈ ಇಟ್ಟರು.

'ಇದು ಆಗಲೇ ಇಳಿದಿತ್ತಲ್ಲಪ್ಪ' ಅಂದೆ, ಬೇಕಂತಲೇ.

'ಇದು ಕೆಲಸ ಮಾಡ್ತಿರೋ ಬೋರ್ಡ್ ಅಮ್ಮ. ರಿಮೋಟಿಗೆ ಕಾಯ್ತಾ ಇರೋ ಸ್ಟ್ಯಾಂಡ್‌ಬೈ ಸಪ್ಲೈ ಅದನ್ನ ಎಳೆದುಕೊಂಡು ಖಾಲಿ ಮಾಡಿಬಿಡುತ್ತೆ. ಸತ್ತ ಬೋರ್ಡ್ ನೋಡಿ ಬನ್ನಿ' ಅಂತ ಪಕ್ಕದ ಮೇಜಿಗೆ ಕರೆದರು. ಅಲ್ಲಿ ಯಾವುದೋ ಮಾನಿಟರಿನ ಬೋರ್ಡ್ ಇತ್ತು, ಏನೂ ಆನ್ ಆಗದ್ದು. ಹುಡುಗ ಸ್ವಲ್ಪ ಹೊತ್ತಿನ ಮುಂಚೆ ಅದಕ್ಕೆ ಕರೆಂಟ್ ಕೊಟ್ಟು ನೋಡಿ, ಪ್ಲಗ್ ತೆಗೆದು ಇಟ್ಟಿದ್ದ. ಮೀಟರ್ ಹಿಡಿದರೆ 300ರ ಮೇಲೆ! ಬೋರ್ಡ್ ಕೆಲಸ ಮಾಡುತ್ತಿಲ್ಲ, ಹಾಗಾಗಿ ಒಳಗಿನ ಚಾರ್ಜನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಏನೂ ಆನ್ ಆಗದ ಟಿವಿಯೇ ಎಲ್ಲಕ್ಕಿಂತ ನಿರುಪದ್ರವಿ ಅಂತ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವವರು ಅಂದುಕೊಳ್ಳುತ್ತಾರೆ. ನಿಜ ಉಲ್ಟಾ. ನಿಮ್ಮ ಮನೆಯ ಹುಡುಗರಿಗೆ ಇದೊಂದನ್ನು ಓದಿ ಹೇಳಿ.

ಕೆಲವು ಅಂಗಡಿಗಳಲ್ಲಿ ಕೆಪಾಸಿಟರಿನ ಎರಡು ಕಾಲಿಗೂ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುತ್ತಾರೆ. ನೋಡೋಕೆ ಗತ್ತು. 100 ಮೈಕ್ರೋಫ್ಯಾರಡ್ ಕೆಪಾಸಿಟರ್ 325 ವೋಲ್ಟಿನಲ್ಲಿ ತುಂಬಿದ್ದರೆ ಐದು ಜೂಲ್‌ಗಿಂತ ಜಾಸ್ತಿ ಶಕ್ತಿ ಇರುತ್ತದೆ. ಅದೆಲ್ಲ ಒಂದೇ ಕ್ಷಣದಲ್ಲಿ ಖಾಲಿಯಾದರೆ ಬೋರ್ಡಿನ ತಾಮ್ರದ ಗೆರೆ ಎದ್ದು ಬರಬಹುದು, ಕಿಡಿ ಕಣ್ಣಿಗೆ ಹಾರಬಹುದು. ಹಾಗೆ ಮಾಡುವವರ ಕೈಗೆ ನಾನು ಟೇಬಲ್ ಫ್ಯಾನನ್ನೂ ಕೊಡುವುದಿಲ್ಲ.

ಇನ್ನೊಂದು ಗಮನಿಸಿದ್ದು ಕಪ್ಪು ಪ್ರೋಬ್. ಪವರ್ ಬೋರ್ಡಿನ ಮೇಲೆ ನಡುವೆ ಒಂದು ದಪ್ಪ ಗೆರೆ ಬರೆದಿರುತ್ತದೆ, ಕೆಲವೊಮ್ಮೆ ಬೋರ್ಡನ್ನೇ ಸೀಳಿರುತ್ತಾರೆ. ಗೆರೆಯ ಒಂದು ಕಡೆ ಮೇನ್ಸ್‌ಗೆ ನೇರ ಸಂಬಂಧ ಇರುವ ಹಾಟ್ ಸೈಡ್. ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್ ದಾಟಿ ಬಂದ ಕೋಲ್ಡ್ ಸೈಡ್. ಎರಡರ ಗ್ರೌಂಡೂ ಬೇರೆ. ಆ ಕಡೆ ವೋಲ್ಟೇಜಿಗೆ ಈ ಕಡೆಯ ಗ್ರೌಂಡ್ ಹಿಡಿದು ಅಳೆದರೆ ಬರುವ ನಂಬರಿಗೆ ಅರ್ಥವೇ ಇಲ್ಲ. ಆಮೇಲೆ ಒಳ್ಳೇ ಐಸಿಯನ್ನು ಕೆಟ್ಟಿದೆ ಅಂತ ಕೀಳುತ್ತಾರೆ. ಸಿಗ್ನಲಿನ ಅಲೆ ತೋರಿಸುವ ಆಸಿಲೊಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಹಾಟ್ ಸೈಡಿಗೆ ಸಿಕ್ಕಿಸಿದರಂತೂ ಢಂ. ಇವರು ಕಪ್ಪು ಪ್ರೋಬಿಗೆ ಮೊಸಳೆ ಕ್ಲಿಪ್ ಹಾಕಿ, ಕೋಲ್ಡ್ ಸೈಡಿನ ಗ್ರೌಂಡಿಗೆ ಕಚ್ಚಿಸಿದರು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಲ್ಲಿ ಒಂದೇ ಪ್ರೋಬ್ ಹಿಡಿದು ಅಳೆದರು. ಎರಡೂ ಕೈ ಬೋರ್ಡಿನ ಮೇಲಿದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆ ದಾಟಿ ಹೋಗುತ್ತದೆ, ಅದಕ್ಕೇ. ನಮಗೂ ಟೆಸ್ಟಿಂಗ್‌ನಲ್ಲಿ ಮೊದಲ ವಾರ ಇದನ್ನೇ ಕಲಿಸುತ್ತಿದ್ದರು.

ಮೇಜಿನ ಕೆಳಗೆ, ಬೋರ್ಡನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆ. ಹಾಟ್ ಸೈಡ್ ಕೆಲಸ ಮಾಡುವಾಗ ಅದರಿಂದ ಕರೆಂಟ್ ತೆಗೆದುಕೊಳ್ಳುತ್ತಾರಂತೆ. ಗೋಡೆಯಲ್ಲಿ, ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿಯೂ ಇದೆ. 'ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಆರ್‌ಸಿಸಿಬಿ ಟ್ರಿಪ್ ಆಗುತ್ತಾ?' ಅಂತ ಕೇಳಿದೆ. 'ಆಗಲ್ಲ ಅಮ್ಮ. ಅದಕ್ಕೇ ಒಂದು ಕೈ' ಅಂದರು. ನಾನು ಹಾಕಿದ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಇಲ್ಲಿ.

ಅಳತೆ ಬೇಗ ಮುಗಿಯಿತು. ಸ್ಟ್ಯಾಂಡ್‌ಬೈ 5 ವೋಲ್ಟ್ ಸರಿ, 12 ವೋಲ್ಟ್ ಸರಿ. ಬ್ಯಾಕ್‌ಲೈಟ್ ಉರಿಸು ಅಂತ ಮೇನ್ ಬೋರ್ಡ್ ಕೊಡುವ ಸಿಗ್ನಲ್ಲೂ ಬರುತ್ತಿದೆ. ಬ್ಯಾಕ್‌ಲೈಟ್ ವೋಲ್ಟೇಜ್ ಏರಿ ಕೂಡಲೇ ಬೀಳುತ್ತಿದೆ. ಮತ್ತೆ ಪ್ಲಗ್ ತೆಗೆದು, ಮತ್ತೆ ಡಿಸ್ಚಾರ್ಜ್ ಮಾಡಿ, ಬ್ಯಾಕ್‌ಲೈಟ್ ಕನೆಕ್ಟರ್ ಬಿಚ್ಚಿ ಅದಕ್ಕೆ ಎಲ್‌ಇಡಿ ಟೆಸ್ಟರ್ ಹಚ್ಚಿದರು. ನಮ್ಮ ಟಿವಿಯಲ್ಲಿ ಮೂರು ಸ್ಟ್ರಿಪ್, ಒಂದೊಂದರಲ್ಲಿ ಎಂಟು ಎಲ್‌ಇಡಿ. ಇಪ್ಪತ್ನಾಲ್ಕೂ ಒಂದರ ಹಿಂದೆ ಒಂದು. ತಲಾ 3 ವೋಲ್ಟ್ ಅಂದರೂ 72 ಬೇಕು. ಮೀಟರಿನ ಡಯೋಡ್ ಸೆಟ್ಟಿಂಗಿನಿಂದ ಇದು ಆಗುವ ಕೆಲಸವಲ್ಲ. ಈ ಟೆಸ್ಟರ್ ಕಡಿಮೆ ಕರೆಂಟಿನಲ್ಲಿ 300 ವೋಲ್ಟಿನವರೆಗೂ ಕೊಡುತ್ತದೆ. ಅದರ ತುದಿ ಮುಟ್ಟಿದರೂ ಝಿಲ್ ಅನ್ನುತ್ತದೆ. ಟೆಸ್ಟರ್ ಅಂದ ಮಾತ್ರಕ್ಕೆ ಆಟದ ಸಾಮಾನಲ್ಲ. ಹಚ್ಚಿದರೆ ಪೂರ್ತಿ ಕತ್ತಲು. ಆಗ ಒಂದು ಕ್ಷಣ ಬೆಳಗಿದ ಸಾಲಿನಲ್ಲಿ ಈಗ ಎಲ್ಲೋ ಪೂರ್ತಿಯಾಗಿ ಒಂದು ಎಲ್‌ಇಡಿ ಕಡಿದುಹೋಗಿದೆ ಅಂತ ಖಾತ್ರಿಯಾಯಿತು.

ಈಗ ಭಯದ ಕೆಲಸ, ಪ್ಯಾನಲ್ ಎತ್ತುವುದು. ಎಲ್‌ಸಿಡಿ ಗಾಜು ನೋಡಿದರೆ ಹಪ್ಪಳ. ಅಂಚಿನಲ್ಲಿ ಕಾಫ್ ಅನ್ನುವ ತೆಳು ಪಟ್ಟಿಗಳು ಗಾಜಿಗೂ ಉದ್ದನೆ ಬೋರ್ಡಿಗೂ ಅಂಟಿಕೊಂಡಿರುತ್ತವೆ. ಒಂದು ಎಳೆದು ಬಂದರೆ ಟಿವಿ ಮುಗಿಯಿತು, 19 ಸಾವಿರದ ಮಾತು ಆಗ ನಿಜವಾಗುತ್ತದೆ. ಹುಡುಗರು ಫ್ಯಾನ್ ಆರಿಸಿದರು. ಇನ್ನೊಂದು ಮೇಜಿನ ಮೇಲೆ ದಪ್ಪ ಫೋಮ್ ಹಾಸಿದರು. ಯಜಮಾನರು ಮೊದಲು ಉದ್ದನೆ ಬೋರ್ಡಿನ ಸ್ಕ್ರೂಗಳನ್ನು ಬಿಚ್ಚಿ ಸಡಿಲ ಮಾಡಿದರು, ಆಮೇಲೆ ನಾಲ್ಕು ಸಕ್ಷನ್ ಕಪ್ ಹಚ್ಚಿದರು. ಇಬ್ಬರು ಎರಡು ಕಡೆ ಹಿಡಿದು, 'ಒಂದು, ಎರಡು' ಅಂತ ಒಟ್ಟಿಗೆ ಎತ್ತಿ ಫೋಮಿನ ಮೇಲೆ ಇಟ್ಟರು. ಮೂರನೆಯವನ ಕೆಲಸ ಆ ಉದ್ದನೆ ಬೋರ್ಡನ್ನು ಗಾಜಿನ ಜೊತೆಜೊತೆಗೇ ತರುವುದು, ಅಷ್ಟೇ. ಯಾರೂ ಮಾತಾಡಲಿಲ್ಲ. ಕೆಳಗಿನ ಬಿಳಿ ಹಾಳೆಗಳನ್ನು ಯಾವ ಕ್ರಮದಲ್ಲಿ ತೆಗೆದರೋ ಅದೇ ಕ್ರಮದಲ್ಲಿ ಜೋಡಿಸಿ, ಮೂಲೆಗೆ ಟೇಪಿನ ಗುರುತು ಹಾಕಿದರು.

ಸ್ಟ್ರಿಪ್ ಹೊರಗೆ ಬಂದಾಗ ಮಧ್ಯದ್ದರಲ್ಲಿ ಒಂದು ಎಲ್‌ಇಡಿ ಕಪ್ಪಾಗಿತ್ತು. ಅಕ್ಕಪಕ್ಕದವು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದನ್ನೇ ಬದಲಾಯಿಸಿದರೆ ಅಗ್ಗ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಕೆಲವರು ಕೆಟ್ಟ ಎಲ್‌ಇಡಿಯ ಮೇಲೆ ತಂತಿ ಬೆಸೆದು ದಾಟಿಸಿಬಿಡುತ್ತಾರೆ. ಟಿವಿ ಉರಿಯುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾರೆ. ಆದರೆ ಉಳಿದ ಇಪ್ಪತ್ಮೂರೂ ಅಷ್ಟೇ ಹಳೆಯವು, ಅಷ್ಟೇ ಕಾದವು. ಇನ್ನೊಂದು ಹೋಗಲು ತುಂಬಾ ದಿನ ಬೇಕಿಲ್ಲ, ಮತ್ತೆ ಗಾಜು ಎತ್ತಬೇಕು. ಪ್ರತಿ ಸಲ ಎತ್ತುವುದೂ ಗಂಡಾಂತರವೇ. ಇವರು ಮೂರೂ ಸ್ಟ್ರಿಪ್ ಬದಲಾಯಿಸದೆ ಕೆಲಸ ಹಿಡಿಯುವುದೇ ಇಲ್ಲವಂತೆ. ಸರಿ ಅನ್ನಿಸಿತು. ಹೊಸ ಸ್ಟ್ರಿಪ್‌ಗಳನ್ನು ಕೂರಿಸುವ ಮುಂಚೆ ಟೆಸ್ಟರ್ ಹಚ್ಚಿ ಎಲ್ಲವೂ ಒಂದೇ ಬಣ್ಣದಲ್ಲಿ ಉರಿಯುತ್ತವೆಯಾ ಅಂತ ನೋಡಿದರು. ಒಂದು ಸ್ಟ್ರಿಪ್ ಸ್ವಲ್ಪ ನೀಲಿ ಹೊಡೆಯಿತು. ಹುಡುಗನನ್ನು ಕೆಳಗೆ ಓಡಿಸಿ ಬದಲಾಯಿಸಿ ತರಿಸಿದರು.

ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಕೆಲಸ. ಡ್ರೈವರ್ ಐಸಿ ಪಕ್ಕದಲ್ಲಿ ಸ್ಟ್ರಿಪ್ಪಿನ ಕರೆಂಟ್ ಅಳೆಯುವ ಪುಟ್ಟ ರೆಸಿಸ್ಟರ್‌ಗಳು ಇರುತ್ತವೆ. ಅಲ್ಲಿನ ಓಮ್ ಕಾಲು ಭಾಗ ಏರಿಸಿದರೆ ಎಲ್‌ಇಡಿಗೆ ಹೋಗುವ ಕರೆಂಟ್ ಐದನೇ ಒಂದು ಭಾಗ ಇಳಿಯುತ್ತದೆ. 'ಬೆಳಕು ಸ್ವಲ್ಪ ಕಮ್ಮಿ ಆಗುತ್ತೆ, ಬಾಳಿಕೆ ಜಾಸ್ತಿ ಬರುತ್ತೆ. ಮಾಡಲಾ ಬೇಡವಾ? ನೀವು ಹೇಳಿ' ಅಂತ ಕೇಳಿದರು. ಕೇಳದೆ ಮಾಡುವವರು ಇದ್ದಾರೆ, ಮಾಡದೆ ಬಿಡುವವರೂ ಇದ್ದಾರೆ. ಮಾಡಿ ಅಂದೆ. ಎಲ್‌ಇಡಿಯನ್ನು ಕೊಲ್ಲುವುದು ಬಿಸಿ. ಮನೆಯಲ್ಲಿ ಹಗಲು ಕಿಟಕಿ ತೆರೆದಿದ್ದಾಗ ಸ್ವಲ್ಪ ಮಂಕು ಅನ್ನಿಸುತ್ತದೆ, ರಾತ್ರಿ ಏನೂ ಗೊತ್ತಾಗುವುದಿಲ್ಲ. ಬ್ಯಾಕ್‌ಲೈಟನ್ನು ಸೆಟ್ಟಿಂಗಿನಲ್ಲಿ 60ಕ್ಕೆ ಇಳಿಸಿ, ಮೊಮ್ಮಗನಿಗೆ ಮುಟ್ಟಬೇಡ ಅಂದಿದ್ದೇನೆ. ಹೊಸ ಟಿವಿ ಕೊಂಡವರೂ ಇದನ್ನು ಮಾಡಬಹುದು, ಖರ್ಚಿಲ್ಲ.

ನಾನು ಕೂತಿದ್ದಾಗ ಬೇರೆ ಗಿರಾಕಿಗಳೂ ಬಂದರು. ಒಬ್ಬರ ಟಿವಿಯಲ್ಲಿ ಅರ್ಧ ಪರದೆ ಉದ್ದುದ್ದ ಗೆರೆ. ಅಂಚನ್ನು ಮೆಲ್ಲಗೆ ಒತ್ತಿದರೆ ಗೆರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಕಾಫ್ ಅಂಟು ಬಿಟ್ಟಿದೆ, ಅದಕ್ಕೆ ಮತ್ತೆ ಅಂಟಿಸುವ ಬಾಂಡಿಂಗ್ ಮಷಿನ್ ಬೇಕು, ನನ್ನ ಹತ್ತಿರ ಇಲ್ಲ ಅಂತ ನೇರವಾಗಿ ಹೇಳಿ ಕಳಿಸಿದರು. ಟೇಪ್ ಮಡಿಸಿ ಒಳಗೆ ಒತ್ತು ಕೊಟ್ಟು 'ರೆಡಿ ಸಾರ್' ಅನ್ನಬಹುದಿತ್ತು. ಇನ್ನೊಬ್ಬರು ಫ್ಯೂಸ್ ಇರುವ ಜಾಗಕ್ಕೆ ತಾಮ್ರದ ತಂತಿ ಸುತ್ತಿದ ಬೋರ್ಡ್ ತಂದಿದ್ದರು, ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಕೈಚಳಕ. ವೇರಿಸ್ಟರ್ ಹೊಟ್ಟೆ ಒಡೆದು ಕರ್ರಗಾಗಿತ್ತು. ಫ್ಯೂಸ್ ಹೋಯಿತು ಅಂದರೆ ಅದಕ್ಕೆ ಏನೋ ಕಾರಣ ಇದೆ. ಕಾರಣ ಹುಡುಕದೆ ತಂತಿ ಸುತ್ತಿದರೆ ಮುಂದೆ ಉರಿಯುವುದು ಬೋರ್ಡ್, ಅದೃಷ್ಟ ಕೆಟ್ಟರೆ ಗೋಡೆ. ಇವರು ಬೈಯಲಿಲ್ಲ, ತಂತಿ ಕತ್ತರಿಸಿ ಅವರ ಕೈಗೇ ಕೊಟ್ಟರು.

ಮೂಲೆಯಲ್ಲಿ ಡಬ್ಬಾ ಟಿವಿಯೊಂದು ಕೂತಿತ್ತು, ಯಾರೋ ಅಪ್ಪನ ನೆನಪಿಗೆ ಅಂತ ತಂದು ಇಟ್ಟಿದ್ದು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಆಗ ಈ ಕಸುಬಿಗೆ ಬಂದವರು ಹೇಳುವ ಕಥೆಗಳು ನೆನಪಾದವು. ಕಲರ್ ಪಿಕ್ಚರ್ ಟ್ಯೂಬಿನಲ್ಲಿ 20, 25 ಸಾವಿರ ವೋಲ್ಟ್ ಇರುತ್ತದೆ, ಟ್ಯೂಬೇ ಕೆಪಾಸಿಟರ್ ಥರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಇಳಿಸುವಾಗ ತಂತಿಯನ್ನು ಟ್ಯೂಬಿನ ಬೆನ್ನಿಗೆ ಸುತ್ತಿದ ಗ್ರೌಂಡ್ ಜಾಲರಿಗೇ ಕಟ್ಟಬೇಕು, ಸಿಕ್ಕ ಸಿಕ್ಕ ಜಾಗಕ್ಕಲ್ಲ. 'ಇದನ್ನ ಹುಡುಗರಿಗೆ ಮುಟ್ಟೋಕೆ ಬಿಡಲ್ಲ' ಅಂದರು ಯಜಮಾನರು. ಬಿಡಬಾರದು ಕೂಡ.

ಇನ್ನು ನನ್ನ ತಕರಾರು. ಮೇಜಿನ ಪಕ್ಕ ಮೊಳೆಗೆ ರಿಸ್ಟ್ ಸ್ಟ್ರಾಪ್ (ಮೈಯನ್ನು ಅರ್ಥ್‌ಗೆ ಜೋಡಿಸುವ ಮಣಿಕಟ್ಟಿನ ಪಟ್ಟಿ) ನೇತು ಹಾಕಿದ್ದಾರೆ, ಧೂಳು ಹಿಡಿದಿದೆ. ಯಾಕಪ್ಪ ಕಟ್ಟಿಕೊಳ್ಳಲ್ಲ ಅಂದರೆ, 'ಕರೆಂಟ್ ಇರೋ ಬೋರ್ಡ್ ಮುಟ್ಟೋವಾಗ ಇದನ್ನ ಕಟ್ಕೋಬಾರದು ಅಮ್ಮ' ಅಂದರು. ಪವರ್ ಬೋರ್ಡಿನ ಮಟ್ಟಿಗೆ ಮಾತು ಸರಿ, ಮೈಯನ್ನು ಅರ್ಥ್‌ಗೆ ಕಟ್ಟಿಕೊಂಡು ಮೇನ್ಸ್ ಹತ್ತಿರ ಹೋಗಬಾರದು. ಆದರೆ ಕರೆಂಟ್ ಇಲ್ಲದ ಪ್ಯಾನಲ್, ಅದಕ್ಕೆ ಚಿತ್ರದ ಸಿಗ್ನಲ್ ಕೊಡುವ ಟಿ-ಕಾನ್ ಬೋರ್ಡ್ ಹಿಡಿಯುವಾಗ ಕಟ್ಟಲೇಬೇಕಿತ್ತು. ಮೈಯ ಸ್ಟ್ಯಾಟಿಕ್ ಚಾರ್ಜ್ ಐಸಿಯನ್ನು ಒಳಗೊಳಗೇ ಕೆಡಿಸುತ್ತದೆ. ನಮ್ಮಲ್ಲಿ ಆಗಿದ್ದರೆ ಮೆಮೋ ಬರುತ್ತಿತ್ತು. ಸೋಲ್ಡರ್ ಹೊಗೆ ಹೋಗಲು ಎಕ್ಸಾಸ್ಟ್ ಇಲ್ಲ, ಕಿಟಕಿ ಒಂದೇ. ಅದೇ ಮೇಜಿನ ಮೇಲೆ ಟೀ ಲೋಟ. ಸೀಸ ಇರುವ ಸೋಲ್ಡರ್ ಮುಟ್ಟಿದ ಕೈಯಲ್ಲಿ ಹುಡುಗ ಬನ್ ತಿನ್ನುತ್ತಿದ್ದ. 'ಕೈ ತೊಳ್ಕೊಂಡು ಬಾರೋ ತಮ್ಮ' ಅಂತ ಎಬ್ಬಿಸಿ ಕಳಿಸಿದೆ. ನಕ್ಕರೂ ಹೋಗಿ ತೊಳೆದ.

ಬಿಲ್ ಕೊಡುವುದಿಲ್ಲ, ಇದು ದೊಡ್ಡ ಕೊರತೆ. ಸ್ಟ್ರಿಪ್ಪಿಗೆ ಮೂರು ತಿಂಗಳು ಗ್ಯಾರಂಟಿ ಅಂತ ಬಾಯಲ್ಲಿ ಹೇಳುತ್ತಾರೆ. ನಾನು ಪಟ್ಟು ಹಿಡಿದು ಒಂದು ಚೀಟಿಯಲ್ಲಿ ತಾರೀಕು, ಮಾಡೆಲ್, ಹಾಕಿದ ಸಾಮಾನು ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಮನೆಗೆ ಬಂದು ಬಿಳಿ ಪರದೆ ಹಾಕಿ ನೋಡಿದರೆ ಎಡಗಡೆ ಕೆಳಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಇದೆ, ಹಾಳೆಗಳ ನಡುವೆ ಧೂಳು ಸೇರಿದೆ. ಮತ್ತೆ ಗಾಜು ಎತ್ತಿಸುವಷ್ಟು ದೊಡ್ಡದಲ್ಲ, ಬಿಟ್ಟಿದ್ದೇನೆ. ಟಿವಿ ವಾಪಸ್ ಪಡೆಯುವ ಮುಂಚೆ ಪೂರ್ತಿ ಬಿಳಿ ಚಿತ್ರ ಹಾಕಿಸಿ ನೋಡಿಕೊಳ್ಳಿ.

ಒಟ್ಟು 2,700 ತೆಗೆದುಕೊಂಡರು. ಸ್ಟ್ರಿಪ್ಪಿಗೆ 1,300, ಉಳಿದದ್ದು ಕೂಲಿ. ಚೌಕಾಸಿ ಮಾಡಿದೆ, ನೂರೂ ಇಳಿಸಲಿಲ್ಲ. ಪ್ಯಾನಲ್ ಎತ್ತುವುದನ್ನು ಕಣ್ಣಾರೆ ನೋಡಿದ ಮೇಲೆ ನನಗೂ ಮತ್ತೆ ಕೇಳಲು ಬಾಯಿ ಬರಲಿಲ್ಲ. ರಿಪೇರಿ ಆಗದಿದ್ದರೆ ನೋಡಿದ್ದಕ್ಕೆ 200 ಮಾತ್ರ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಮಾರ್ಕ್ ಬಿಲ್ಲಿಗೆ ಮತ್ತು ಬನ್ನಿಗೆ.

ಹೋಗುವವರಿಗೆ ಇಷ್ಟು. ಭಾನುವಾರ ಆ ರೋಡಿನ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಇದೂ ಅಷ್ಟೇ. ಬೆಳಗ್ಗೆ 11ರ ಮೇಲೆ ಹೋಗಿ, ಸಂಜೆ ಜನ ಜಾಸ್ತಿ. ಕಾರು ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಗೂಡ್ಸ್ ಆಟೋ ಒಳ್ಳೆಯದು. ಟಿವಿಯನ್ನು ಮಲಗಿಸಿ ತರಬೇಡಿ, ಕಂಬಳಿ ಸುತ್ತಿ ನಿಲ್ಲಿಸಿಯೇ ತನ್ನಿ, ಯಾರಾದರೂ ಹಿಡಿದುಕೊಂಡು ಕೂರಲಿ. ಮೆಟ್ಟಿಲು ಕಡಿದಾಗಿದೆ, ಹುಡುಗರನ್ನು ಕೂಗಿದರೆ ಕೆಳಗೆ ಬಂದು ಎತ್ತಿಕೊಂಡು ಹೋಗುತ್ತಾರೆ. ಸ್ಟ್ಯಾಂಡ್, ಗೋಡೆ ಕ್ಲಾಂಪ್ ಮನೆಯಲ್ಲೇ ಬಿಚ್ಚಿಡಿ. ರಿಮೋಟ್ ಮರೆಯಬೇಡಿ, ಅದಿಲ್ಲದೆ ಎಷ್ಟೋ ಟಿವಿಗಳಲ್ಲಿ ಅವರು ಸೆಟ್ಟಿಂಗ್ ನೋಡೋಕೆ ಆಗಲ್ಲ. ಯುಪಿಐ ನಡೆಯುತ್ತದೆ.